ಕೀನೈ ದಂಡೆಯಲ್ಲಿ ಟೆಂಟಿಗೊಂದು ಜಾಗ

ಅಲಾಸ್ಕಾದ ಕೀನೈ ನದಿಗೆ ಜುಲೈ ನಡುವಿನಿಂದ ಸಾಕೈ ಸಾಲ್ಮನ್ ಏರಲು ಶುರುವಾಗುತ್ತದೆ. ಹತ್ತು ಲಕ್ಷ ದಾಟುವ ವರ್ಷಗಳೇ ಜಾಸ್ತಿ. ಅಷ್ಟು ಮೀನಿರುವಾಗ ಹಿಡಿಯುವುದೇನೂ ಕಷ್ಟವಾಗಲಿಕ್ಕಿಲ್ಲ, ಆದರೆ ರಾತ್ರಿ ಮಲಗುವುದೆಲ್ಲಿ? ಒಂದೇ ಹೆದ್ದಾರಿ, ಅದರ ಪಕ್ಕದಲ್ಲೇ ನದಿ, ನದಿ ಪಕ್ಕ ಬೆರಳೆಣಿಕೆಯ ಕ್ಯಾಂಪ್‌ಗ್ರೌಂಡ್. ಅಲಾಸ್ಕಾದ ದೊಡ್ಡ ಪಟ್ಟಣ ಆಂಕರೇಜ್ ಊರಿಗೆ ಊರೇ ಆ ವಾರಗಳಲ್ಲಿ ಅಲ್ಲಿಗೆ ಬಂದಿರುತ್ತದೆ. ಕಾದಿರಿಸುವ ಜಾಗಗಳನ್ನು ಜನ ಚಳಿಗಾಲದಲ್ಲೇ ಹಿಡಿದಿಟ್ಟಿರುತ್ತಾರೆ. ನಮ್ಮದು ಕೊನೇ ಗಳಿಗೆಯಲ್ಲಿ ರಜೆ ಸಿಕ್ಕಿದ ಪ್ರವಾಸ. ವಿಮಾನದ ಟಿಕೆಟ್ ಮತ್ತು ಬಾಡಿಗೆ ಕಾರು ಬಿಟ್ಟರೆ ಬೇರೇನೂ ಬುಕ್ ಆಗಿರಲಿಲ್ಲ.

ಜೊತೆಗಿದ್ದವರು ಭಾವ. ಅಕ್ಕನೂ ಅವರೂ ಸಿಯಾಟಲ್‌ನಲ್ಲಿ ನಮ್ಮ ಮನೆ ಹತ್ತಿರವೇ ಇದ್ದಾರೆ. ಭಾವ ಗಂಗೊಳ್ಳಿಯವರು. ಕೈರಂಪಣಿ ಬಲೆ ಎಳೆಯುವುದನ್ನು ನೋಡುತ್ತಾ ಬೆಳೆದವರು. ನಾನು ಶಿವಮೊಗ್ಗದವನು, ತುಂಗಾ ದಡದಲ್ಲಿ ಗಾಳ ಹಾಕಿ ಕೂತದ್ದಷ್ಟೇ ಅನುಭವ. ಮೀನಿನ ವಿಷಯದಲ್ಲಿ ಅವರು ನನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ.

ಮಂಗಳವಾರ

ಆಂಕರೇಜ್‌ನಲ್ಲಿ ಇಳಿದ ಮೇಲೆ ಮೊದಲ ಕೆಲಸ ಅಂಗಡಿ. ಸ್ಟವ್‌ಗೆ ಬೇಕಾದ ಗ್ಯಾಸ್ ಕ್ಯಾನಿಸ್ಟರ್ ಮತ್ತು ಕರಡಿಗೆ ಹೊಡೆಯುವ ಸ್ಪ್ರೇ, ಎರಡನ್ನೂ ವಿಮಾನದಲ್ಲಿ ತರುವ ಹಾಗಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಇಲ್ಲೇ ಕೊಳ್ಳಬೇಕು. ಮೀನು ಹಿಡಿಯುವ ಲೈಸೆನ್ಸ್ ಮನೆಯಲ್ಲೇ ಆನ್‌ಲೈನಿನಲ್ಲಿ ತೆಗೆದಾಗಿತ್ತು. ಹೊರಗಿನವರಿಗೆ ಏಳು ದಿನಕ್ಕೆ 45 ಡಾಲರ್. ಸಾಲ್ಮನ್‌ಗಳಲ್ಲೇ ದೊಡ್ಡ ಜಾತಿಯಾದ ಕಿಂಗ್ ಸಾಲ್ಮನ್ ಹಿಡಿಯುವುದಾದರೆ ಲೈಸೆನ್ಸ್ ಜೊತೆ ಬೇರೆ ಸ್ಟಾಂಪ್ ಬೇಕು. ನಮಗೆ ಅದರ ಆಸೆ ಇರಲಿಲ್ಲ.

ಊರು ದಾಟಿದ ಕೂಡಲೇ ಸೀವರ್ಡ್ ಹೆದ್ದಾರಿ ಟರ್ನಗೇನ್ ಆರ್ಮ್ ಎಂಬ ಉದ್ದನೆಯ ಕಡಲ ಚಾಚಿನ ಅಂಚು ಹಿಡಿದು ಓಡುತ್ತದೆ. ಒಂದು ಬದಿ ಕಡಿದಾದ ಬಂಡೆ, ಇನ್ನೊಂದು ಬದಿ ರೈಲು ಹಳಿ, ಅದರಾಚೆ ಇಳಿತದಲ್ಲಿ ಬಿಟ್ಟುಹೋದ ಬೂದು ಕೆಸರು. ಆ ಕೆಸರಿಗೆ ಯಾರೂ ಇಳಿಯಬಾರದು. ಕಾಲು ಹೂತರೆ ತೆಗೆಯಲು ಬರುವುದಿಲ್ಲ, ಅಷ್ಟರಲ್ಲಿ ಉಬ್ಬರ ಬಂದುಬಿಡುತ್ತದೆ. ಬಂಡೆಯ ಮೇಲೆ ಬಿಳಿ ಕಾಡುಕುರಿಗಳು ನಿಂತಿದ್ದವು. ಪೋರ್ಟೇಜ್ ಹತ್ತಿರ ಎಲೆಯಿಲ್ಲದ ಬೋಳು ಮರಗಳು ಸಾಲಾಗಿ ಕಾಣುತ್ತವೆ. 1964ರ ಮಾರ್ಚ್‌ನಲ್ಲಿ 9.2 ತೀವ್ರತೆಯ ಭೂಕಂಪವಾದಾಗ ಅಲ್ಲಿನ ನೆಲ ಕುಸಿದು ಉಪ್ಪುನೀರು ನುಗ್ಗಿತ್ತು. ಬೇರಿಗೆ ಉಪ್ಪು ಹಿಡಿದು ಸತ್ತ ಮರಗಳು ಇವತ್ತಿಗೂ ನಿಂತೇ ಇವೆ.

ಕಣಿವೆ ಏರುವಾಗ ಮಳೆ. ಟರ್ನ್ ಲೇಕ್ ಹತ್ತಿರ ಬಲಕ್ಕೆ ತಿರುಗಿ ಸ್ಟರ್ಲಿಂಗ್ ಹೆದ್ದಾರಿ ಹಿಡಿದೆವು. ಕೀನೈ ಸರೋವರ ಕಾಣುವ ಹೊತ್ತಿಗೆ ಮಳೆ ನಿಂತಿತ್ತು. ನೀರಿನ ಬಣ್ಣ ನೋಡಿ ಭಾವ ಕಾರು ನಿಲ್ಲಿಸು ಅಂದರು. ಹಿಮನದಿ ಅರೆದ ಕಲ್ಲಿನ ಹಿಟ್ಟು ಬೆರೆತು ನೀರು ಹಾಲು ಬೆರೆಸಿದ ನೀಲಿ ಹಸಿರಾಗಿರುತ್ತದೆ. ಫೋಟೋದಲ್ಲಿ ಬಣ್ಣ ಹೆಚ್ಚಿಸಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಹೆಚ್ಚಿಸುವ ಅಗತ್ಯವೇ ಇಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ಸರೋವರದ ಪಕ್ಕದ ಕ್ವಾರ್ಟ್ಜ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ತುಂಬಿತ್ತು. ಕೂಪರ್ ಕ್ರೀಕ್ ತುಂಬಿತ್ತು. ರಷ್ಯನ್ ರಿವರ್ ಕ್ಯಾಂಪ್‌ಗ್ರೌಂಡ್ ಇವೆಲ್ಲಕ್ಕಿಂತ ದೊಡ್ಡದು, ಎಂಬತ್ತಕ್ಕೂ ಹೆಚ್ಚು ಜಾಗಗಳಿವೆ. ಅದರ ಬಾಗಿಲಲ್ಲೇ ‘ಭರ್ತಿ’ ಫಲಕ. ಆದರೂ ಒಳಗೆ ಹೋಗಿ ಒಂದು ಸುತ್ತು ಹಾಕಿದೆವು. ಪ್ರತಿ ಜಾಗಕ್ಕೂ ಒಂದು ಗೂಟ, ಗೂಟಕ್ಕೆ ಒಂದು ಚೀಟಿ, ಚೀಟಿಯಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ಅಂತ ತಾರೀಕು. ಎರಡು ಜಾಗ ಖಾಲಿ ಕಂಡು ಖುಷಿಯಾಯಿತು. ಚೀಟಿ ಓದಿದರೆ ಅವರು ಅದೇ ರಾತ್ರಿ ಬರುವವರು.

ಅಲ್ಲಿನ ಉಸ್ತುವಾರಿ ನೋಡುವ ಕ್ಯಾಂಪ್ ಹೋಸ್ಟ್ ವಯಸ್ಸಾದ ಹೆಂಗಸು. ಬೇಸಿಗೆಯಿಡೀ ತಮ್ಮ ಟ್ರೈಲರ್‌ನಲ್ಲೇ ಇರುತ್ತಾರಂತೆ. ಬೈದು ಕಳಿಸುತ್ತಾರೆ ಅಂದುಕೊಂಡರೆ ಕುರ್ಚಿ ಎಳೆದು ಕೂರಿಸಿದರು. “ಸಂಜೆ ಏಳಕ್ಕೆ ಬಂದು ಜಾಗ ಕೇಳುವವರು ದಿನಾ ನಲವತ್ತು ಜನ. ಬೆಳಿಗ್ಗೆ ಹತ್ತಕ್ಕೆ ಬಂದು ಕೇಳುವವರು ಒಬ್ಬರೂ ಇಲ್ಲ” ಅಂದರು. ಕಾದಿರಿಸಲು ಆಗದ, ಮೊದಲು ಬಂದವರಿಗೆ ಸಿಗುವ ಜಾಗಗಳು ಸ್ಕಿಲಾಕ್ ಸರೋವರದ ಜಲ್ಲಿ ರಸ್ತೆಯಲ್ಲಿವೆ, ಜನ ಡೇರೆ ಮಡಿಸುವ ಹೊತ್ತಿಗೆ ಅಲ್ಲಿರಬೇಕು, ಅದೂ ವಾರದ ನಡುವೆ. ಅವರು ಹೇಳಿದ್ದು ಇಷ್ಟೇ. ಇಡೀ ಪ್ರವಾಸದಲ್ಲಿ ನಮ್ಮ ಕೈ ಹಿಡಿದದ್ದು ಆ ಮಾತೇ.

ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಮಲಗೋಣ ಅಂದರು ಭಾವ. ಮುಂದೆ ಹೆದ್ದಾರಿ ಕೀನೈ ವನ್ಯಜೀವಿ ಧಾಮದೊಳಗೆ ಹೋಗುತ್ತದೆ. ಅಲ್ಲಿ ಗೊತ್ತುಮಾಡಿದ ಕ್ಯಾಂಪ್‌ಗ್ರೌಂಡ್ ಬಿಟ್ಟರೆ ರಸ್ತೆಯಿಂದ ಕಾಲು ಮೈಲಿಯೊಳಗೆ ಟೆಂಟ್ ಹಾಕುವ ಹಾಗಿಲ್ಲ. ಕೊನೆಗೆ ಒಂದು ಖಾಸಗಿ ಜಾಗದಲ್ಲಿ ಎರಡು ಬಸ್ಸಿನಷ್ಟು ಉದ್ದದ ಮನೆಗಾಡಿಗಳ ಸಂದಿಯಲ್ಲಿ ಜಲ್ಲಿ ಹಾಸಿದ ಒಂದು ತುಂಡು ನೆಲ ಸಿಕ್ಕಿತು. ಹೋಟೆಲ್ ರೂಮಿನಷ್ಟೇ ಬಾಡಿಗೆ. ಟೆಂಟಿನ ಮೊಳೆ ಜಲ್ಲಿಗೆ ಇಳಿಯದೆ ಒಂದೊಂದಾಗಿ ಬಾಗಿದವು. ಹಗ್ಗವನ್ನು ಕಾರಿನ ಚಕ್ರಕ್ಕೆ ಕಟ್ಟಿದೆವು. ಪಕ್ಕದವರ ಜನರೇಟರ್ ಹನ್ನೊಂದರವರೆಗೆ ಗುಡುಗುಟ್ಟುತ್ತಿತ್ತು. ಹನ್ನೊಂದಕ್ಕೂ ಹೊರಗೆ ಬೆಳಕು. “ಎಂತ ಮಾರಾಯ, ಇಲ್ಲಿ ರಾತ್ರಿ ಆಗುವ ಕ್ರಮವೇ ಇಲ್ವಾ?” ಅಂದರು ಭಾವ, ಮುಖಕ್ಕೆ ಟವೆಲ್ ಮುಚ್ಚಿಕೊಂಡು.

ಬುಧವಾರ

ಕಾಫಿಯನ್ನೂ ಕಾಯಿಸದೆ ಹೊರಟೆವು. ಸ್ಕಿಲಾಕ್ ಲೂಪ್ ರಸ್ತೆ ಹೆದ್ದಾರಿಯ 58ನೇ ಮೈಲಿಯಲ್ಲಿ ಎಡಕ್ಕೆ ಒಡೆದು, ಸುಮಾರು ಮೂವತ್ತು ಕಿಲೋಮೀಟರ್ ಕಾಡಿನೊಳಗೆ ಸುತ್ತಿ ಮತ್ತೆ 75ರ ಹತ್ತಿರ ಹೆದ್ದಾರಿ ಸೇರುತ್ತದೆ. ಪೂರ್ತಿ ಜಲ್ಲಿ. ಅಲೆಅಲೆಯಾಗಿ ಉಬ್ಬಿದ ನೆಲದ ಮೇಲೆ ಕಾರು ನಡುಗಿ ನಡುಗಿ ಡಿಕ್ಕಿಯಲ್ಲಿದ್ದ ಪಾತ್ರೆಗಳೆಲ್ಲ ತಾಳ ಹಾಕಿದವು. ಮನೆಗಾಡಿಯವರು ಈ ರಸ್ತೆ ಕಂಡರೆ ಹಿಂದೆ ಮುಂದೆ ನೋಡುತ್ತಾರೆ. ಅದೇ ನಮಗೆ ಲಾಭ.

ಈ ಕಡೆ 2019ರಲ್ಲಿ ಸ್ವಾನ್ ಲೇಕ್ ಬೆಂಕಿ ಹಬ್ಬಿ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ಕಾಡು ಸುಟ್ಟಿತ್ತು. ಕರಿ ಕಂಬಗಳಂತೆ ಸ್ಪ್ರೂಸ್ ಮರಗಳು, ಬುಡದ ತುಂಬ ಫೈರ್‌ವೀಡ್ ಎಂಬ ನೇರಳೆ ಗುಲಾಬಿ ಹೂ. ಈ ಹೂ ಕಡ್ಡಿಯ ಬುಡದಿಂದ ಅರಳುತ್ತಾ ಹೋಗಿ ತುದಿ ಮುಟ್ಟಿದರೆ ಬೇಸಿಗೆ ಮುಗಿಯಿತು ಅಂತ ಇಲ್ಲಿನವರ ಲೆಕ್ಕ. ನಾವು ನೋಡಿದಾಗ ಅರ್ಧಕ್ಕೆ ಬಂದಿತ್ತು.

ಹಿಡನ್ ಲೇಕ್‌ನಲ್ಲಿ ಜಾಗವಿತ್ತು, ಆದರೆ ಕಾಡಿನ ಒಳಗೆ, ಸೊಳ್ಳೆಯ ಗೂಡಿನಲ್ಲಿ. ಕಾರಿನ ಬಾಗಿಲು ತೆಗೆದ ಎರಡು ನಿಮಿಷಕ್ಕೆ ಭಾವನ ಹಣೆಯಲ್ಲಿ ಮೂರು ದದ್ದು. ಅಪ್ಪರ್ ಸ್ಕಿಲಾಕ್‌ನಲ್ಲಿ ನೀರಿನ ಬದಿಯ ಜಾಗಗಳೆಲ್ಲ ಹಿಡಿದಾಗಿತ್ತು. ಇನ್ನೂ ಮುಂದೆ ಲೋಯರ್ ಸ್ಕಿಲಾಕ್. ಚಿಕ್ಕದು, ಶೌಚಕ್ಕೆ ಗುಂಡಿ ಕಕ್ಕಸು ಬಿಟ್ಟರೆ ದೊಡ್ಡ ಸೌಕರ್ಯವಿಲ್ಲ, ಬಾಡಿಗೆಯೂ ಇಲ್ಲ. ಅಲ್ಲಿ ಸರೋವರಕ್ಕೆ ಮುಖ ಮಾಡಿದ ಒಂದು ಜಾಗದಲ್ಲಿ ಗಂಡ ಹೆಂಡತಿ, ಇಬ್ಬರು ಮಕ್ಕಳು ಸಾಮಾನು ಕಟ್ಟುತ್ತಿದ್ದರು.

ಇಂಥ ಹೊತ್ತಿನಲ್ಲಿ ಕಾರಿನಲ್ಲೇ ಕೂತು ದಿಟ್ಟಿಸುವುದು ಚೆನ್ನಾಗಿರುವುದಿಲ್ಲ. ಭಾವ ಇಳಿದು ಹೋಗಿ, ಗಾಳಿಗೆ ಹಾರುತ್ತಿದ್ದ ಅವರ ದೊಡ್ಡ ನೀಲಿ ಟಾರ್ಪಾಲಿನ ಒಂದು ತುದಿ ಹಿಡಿದರು. ಮಾತಿಲ್ಲದೆ ನಾಲ್ಕು ಮಡಿಕೆ ಆಯಿತು. ಕೊನೆ ಮಡಿಕೆಗೆ ಆ ಮನುಷ್ಯ ನಕ್ಕು “ಜಾಗ ಬೇಕಾ?” ಅಂದ. ನಾನು ಅಷ್ಟರಲ್ಲಿ ನಮ್ಮ ಮಡಚುವ ಕುರ್ಚಿ ತಂದು ಮೂಲೆಯಲ್ಲಿ ಇಟ್ಟಾಗಿತ್ತು. ಜಾತ್ರೆ ದಿನ ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉಳಿದ ಸೌದೆಯನ್ನೂ ನಮಗೇ ಬಿಟ್ಟು ಹೋದರು.

ನದಿಯಿಂದ ಮುಕ್ಕಾಲು ಗಂಟೆ ದೂರ ಅಂತ ಯಾರಾದರೂ ಮೂಗು ಮುರಿಯಬಹುದು. ನನಗಂತೂ ಇದೇ ಸರಿ ಅನ್ನಿಸಿತು. ಮೀನಿರುವಲ್ಲಿ ಕರಡಿ ಇರುತ್ತದೆ, ಜನ ಇರುತ್ತಾರೆ, ಇಡೀ ರಾತ್ರಿ ಕಾರಿನ ಬಾಗಿಲು ಬಡಿಯುವ ಸದ್ದು ಇರುತ್ತದೆ. ಇಲ್ಲಿ ಕಣ್ಣೆದುರು ಸ್ಕಿಲಾಕ್, ಅದರಾಚೆ ಹಿಮ ಹೊತ್ತ ಬೆಟ್ಟ. ಬೆಳಕು ರಾತ್ರಿ ಹನ್ನೊಂದರವರೆಗೆ ಇರುವಾಗ ಮುಕ್ಕಾಲು ಗಂಟೆ ಒಂದು ದೂರವೇ ಅಲ್ಲ.

ಗುರುವಾರ

ರಷ್ಯನ್ ನದಿ ಬಂದು ಕೀನೈಗೆ ಸೇರುವಲ್ಲಿ ಒಂದು ದೋಣಿ ಇದೆ. ಇದಕ್ಕೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಸಿಕ್ಕಿಸಿ, ಸ್ವಲ್ಪ ಓರೆ ಮಾಡಿದರೆ ನೀರಿನ ಸೆಳೆತವೇ ಆಚೆ ದಡಕ್ಕೆ ತಳ್ಳುತ್ತದೆ. ಭಾವ ಎರಡು ಸಲ ಹಗ್ಗ, ಕಪ್ಪಿ ಎಲ್ಲ ಬಗ್ಗಿ ನೋಡಿದರು. ನಾನು ಮೀನು ಅಂತ ಅವಸರ ಮಾಡಿದರೆ, “ತಡಿ ಮಾರಾಯ, ಇದು ಮೀನಿಗಿಂತ ಲಾಯ್ಕಿದೆ” ಅಂದರು.

ಆಚೆ ದಡದಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಇಲ್ಲಿ ಎರೆಹುಳ ಗಿರೆಹುಳ ನಡೆಯುವುದಿಲ್ಲ. ಕೂದಲು ಸುತ್ತಿದ ಸಣ್ಣ ಕೊಕ್ಕೆ ಮಾತ್ರ, ಅದರಿಂದ ಸ್ವಲ್ಪ ಮೇಲೆ ಸೀಸದ ಗುಂಡು. ಸಾಕೈ ಮೀನು ಕಡಲಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವಂಥದ್ದು. ನದಿಗೆ ಬಂದ ಮೇಲೆ ಹೆಚ್ಚುಕಮ್ಮಿ ಊಟವನ್ನೇ ಬಿಟ್ಟಿರುತ್ತದೆ. ಹಾಗಾಗಿ ಆಸೆ ತೋರಿಸಿ ಪ್ರಯೋಜನವಿಲ್ಲ. ದಾರವನ್ನು ಹತ್ತಿರದಲ್ಲೇ ಬೀಸಿ, ಗುಂಡು ತಳದ ಕಲ್ಲಿಗೆ ಟಕ್ ಟಕ್ ತಾಗುತ್ತಾ ಹರಿಯಲು ಬಿಟ್ಟು, ಕೊನೆಯಲ್ಲಿ ಸಲೀಸಾಗಿ ಒಂದು ಎಳೆತ. ಬಾಯಿ ತೆರೆದು ಏರುತ್ತಿರುವ ಮೀನಿನ ದವಡೆಗೆ ಕೊಕ್ಕೆ ಸಿಕ್ಕರೆ ಸರಿ. ಬೆನ್ನಿಗೋ ರೆಕ್ಕೆಗೋ ಸಿಕ್ಕರೆ ಬಿಡಲೇಬೇಕು, ಅದು ಕಾನೂನು.

ಗಂಗೊಳ್ಳಿಯ ಭಾವನಿಗೆ ಇದು ಮೊದಲು ತಮಾಷೆ ಅನ್ನಿಸಿತು, ಆಮೇಲೆ ಸಿಟ್ಟು ಬಂತು. ಕಾಲ ಸಂದಿಯಲ್ಲೇ ಮೀನು ದಾಟುತ್ತಿದೆ, ಬೆನ್ನು ಕಾಣುತ್ತಿದೆ. “ಒಂದು ಬೀಸುಬಲೆ ಇದ್ದಿದ್ದರೆ!” ಅಂತ ಗಂಟೆಗೆ ನಾಲ್ಕು ಸಲ ಹೇಳಿದರು. ಕೊನೆಗೆ ಅವರ ದಾರ ಬಿಗಿದಾಗ ಪಕ್ಕದವರೆಲ್ಲ ತಮ್ಮ ದಾರ ಎಳೆದುಕೊಂಡು ದಾರಿ ಬಿಟ್ಟರು. ಇಲ್ಲಿನ ಮರ್ಯಾದೆ ಅದು. ಮೀನು ಸಿಕ್ಕಿತು ಅಂತ ಕೂಗಿ ಹೇಳಬೇಕು, ಕೂಗಿದರೆ ಉಳಿದವರು ಜಾಗ ಕೊಡುತ್ತಾರೆ. ಭಾವ ಕೂಗಿದ್ದು ಕನ್ನಡದಲ್ಲಿ. ಎಲ್ಲರಿಗೂ ಅರ್ಥವಾಯಿತು.

ಎರಡನೇ ಮೀನನ್ನು ಹಗ್ಗಕ್ಕೆ ಪೋಣಿಸಿ ನೀರಲ್ಲಿ ಬಿಟ್ಟಿದ್ದಾಗ ಒಂದು ಕಡಲಕಾಗೆ ಬಂದು ಅದರ ಕಣ್ಣು ಕುಕ್ಕಿ ಹೋಯಿತು. ಅದರ ಹಿಂದೆಯೇ ಮೇಲಿನಿಂದ ಯಾರೋ ‘ಕರಡಿ’ ಅಂತ ಕೂಗಿದರು. ಕಂದು ಕರಡಿ, ಜೊತೆಗೊಂದು ಮರಿ, ಎದುರು ದಡದಲ್ಲಿ ಆರಾಮಾಗಿ ನಡೆದು ಬರುತ್ತಿದೆ. ಗಾಬರಿ ಗದ್ದಲ ಇಲ್ಲ. ಎಲ್ಲರೂ ಬ್ಯಾಗು, ಮೀನು ಎತ್ತಿಕೊಂಡು ಗುಂಪಾಗಿ ಹಿಂದೆ ಸರಿದರು. ದಾರದಲ್ಲಿ ಮೀನಿದ್ದ ಒಬ್ಬ ಹುಡುಗ ದಾರವನ್ನೇ ಕತ್ತರಿಸಿಬಿಟ್ಟ. ಒದ್ದಾಡುವ ಮೀನಿನ ಸದ್ದಿಗೆ ಮನುಷ್ಯನ ಹತ್ತಿರ ಬಂದರೆ ಊಟ ಸಿಗುತ್ತದೆ ಅಂತ ಕರಡಿ ಕಲಿತುಬಿಟ್ಟರೆ ಕಷ್ಟ. ಇದೇ ಕಾರಣಕ್ಕೆ ತಿಂಡಿಯ ಚೀಲವನ್ನು ದಡದಲ್ಲಿಟ್ಟು ನೀರಿಗೆ ಇಳಿಯುವ ಹಾಗಿಲ್ಲ, ಕೈಗೆಟುಕುವಷ್ಟು ಹತ್ತಿರವಿರಬೇಕು. ಮೀನು ಕತ್ತರಿಸಿದ ಮೇಲೆ ಮುಳ್ಳು, ಕರುಳು ಎಲ್ಲವನ್ನೂ ಚೂರು ಮಾಡಿ ಆಳದ ಸೆಳೆತಕ್ಕೆ ಎಸೆಯಬೇಕು.

ಎಸೆಯುವ ಹೊತ್ತಿಗೇ ಗಲಾಟೆಯಾದದ್ದು. ಪಕ್ಕದವನು ಎರಡು ಬದಿಯ ಮಾಂಸ ಸವರಿ ತೆಗೆದು, ದಪ್ಪನೆಯ ತಲೆಯನ್ನು ನೀರಿಗೆ ಎಸೆಯಲು ಕೈ ಎತ್ತಿದ್ದ. ಭಾವ ಅವನ ಕೈಯನ್ನೇ ಹಿಡಿದುಕೊಂಡರು. ತಲೆ ಎಸೆಯುವುದಾ! ಅವನು ನಗುತ್ತಾ ಕೊಟ್ಟ. ಅವನ ಗೆಳೆಯನೂ ಕೊಟ್ಟ. ನಮ್ಮ ಮಿತಿ ತಲೆಗೆ ಮೂರು ಮೀನು. ಬೇರೆಯವರು ಎಸೆಯುವ ತಲೆಗೆ ಮಾತ್ರ ಮಿತಿ ಇರಲಿಲ್ಲ. ನಮ್ಮ ಮೀನನ್ನು ಭಾವ ಹುರುಪೆ ಹೆರೆದು, ಮುಳ್ಳು ಸಮೇತ ಅಡ್ಡಡ್ಡ ತುಂಡು ಮಾಡಿದರು. ಒಳಗಿನ ಮಾಂಸ ಕೆಂಪಗೆ, ಕುಂಕುಮಕ್ಕೆ ಒಂದು ಹನಿ ಎಣ್ಣೆ ಬಿದ್ದ ಬಣ್ಣ. ಸುತ್ತ ನಿಂತವರು ಆ ತುಂಡುಗಳನ್ನು ಬೆರಗಾಗಿ ನೋಡಿದರು.

ಶುಕ್ರವಾರ

ಬೆಳಗಿನ ಜಾವ ಗಾಳಿ ಎದ್ದಿತು. ಸ್ಕಿಲಾಕ್ ಸರೋವರ ಇದಕ್ಕೆ ಹೆಸರಾದದ್ದು. ಗಾಳಿ ಬೆಟ್ಟದಿಂದ ಹಠಾತ್ತನೆ ಇಳಿಯುತ್ತದೆ, ದೋಣಿಯವರಿಗೆ ದಡದಲ್ಲೇ ಎಚ್ಚರಿಕೆ ಬರೆದಿದ್ದಾರೆ. ನಮ್ಮ ಟಾರ್ಪಾಲಿನ ಒಂದು ಹಗ್ಗ ತುಂಡಾಗಿ, ಟಾರ್ಪಾಲು ಪಕ್ಕದ ಟೆಂಟಿನ ಮೇಲೆ ಹೋಗಿ ಬಿತ್ತು. ತರಲು ಹೋದರೆ ಆ ಟೆಂಟಿನಾಕೆ ಫ್ಲಾಸ್ಕ್ ಹಿಡಿದು ಕೂತಿದ್ದರು. ಕಾಫಿ ಕೊಟ್ಟರು.

ಅವರು ಸೊಲ್ಡಾಟ್ನಾದವರು, ಇಲ್ಲಿಂದ ಒಂದು ಗಂಟೆಯೊಳಗೆ ತಲುಪುವ ಊರು. ನದಿ ದಂಡೆಯಲ್ಲೇ ಮನೆ ಇಟ್ಟುಕೊಂಡು ಇಲ್ಲಿ ಯಾಕೆ ಟೆಂಟ್ ಅಂತ ಕೇಳಿದೆ. ಜುಲೈ ಅಂದರೆ ಡಿಪ್‌ನೆಟ್ ಅಂದರು. 10ರಿಂದ 31ರವರೆಗೆ ಅಲಾಸ್ಕಾದ ಕಾಯಂ ನಿವಾಸಿಗಳು ಕೀನೈ ನದಿಯ ಬಾಯಲ್ಲಿ ಉದ್ದ ಕೋಲಿನ ದೊಡ್ಡ ಬಲೆ ಹಿಡಿದು ನಿಲ್ಲಬಹುದು. ಮನೆಯ ಯಜಮಾನನಿಗೆ 25 ಮೀನು, ಮನೆಯ ಉಳಿದ ಒಬ್ಬೊಬ್ಬರಿಗೆ ಹತ್ತರಂತೆ. ಅದನ್ನೇ ಹೊಗೆ ಹಾಕಿ, ಡಬ್ಬಿಗೆ ತುಂಬಿ ಚಳಿಗಾಲ ಕಳೆಯುತ್ತಾರೆ. ಹಾಗಾಗಿ ಶನಿವಾರ, ಭಾನುವಾರ ಬಂತೆಂದರೆ ಆಂಕರೇಜ್‌ನ ಜನವೆಲ್ಲ ಇವರ ಬೀದಿಯಲ್ಲಿ. ತಮ್ಮ ಪಾಲಿನ ಮೀನು ಮೊದಲ ವಾರದಲ್ಲೇ ಹಿಡಿದು ಮುಗಿಸಿ ಇವರು ಊರು ಬಿಟ್ಟು ಬಂದಿದ್ದರು. “ಶುಕ್ರವಾರ ಮಧ್ಯಾಹ್ನದ ಮೇಲೆ ಇಲ್ಲಿ ಜಾಗ ಹುಡುಕಬೇಡಿ. ಭಾನುವಾರ ಮಧ್ಯಾಹ್ನ ಬನ್ನಿ, ಬೇಕಾದ್ದನ್ನು ಆರಿಸಿಕೊಳ್ಳಬಹುದು” ಅಂದರು. ಮೀನಿನ ಎಣಿಕೆಯ ವಿಷಯವನ್ನೂ ಹೇಳಿಕೊಟ್ಟರು. ನದಿಯ 19ನೇ ಮೈಲಿಯಲ್ಲಿ ಸೋನಾರ್ (ನೀರಿನೊಳಗೆ ಶಬ್ದದ ಅಲೆ ಬಿಟ್ಟು ಮೀನು ಗುರುತಿಸುವ ಯಂತ್ರ) ಇಟ್ಟು ದಿನಾ ಎಣಿಸುತ್ತಾರೆ, ಲೆಕ್ಕ ಆನ್‌ಲೈನಿನಲ್ಲಿ ಬರುತ್ತದೆ. ಅಲ್ಲಿ ಎಣಿಕೆ ಏರಿದರೆ ಕೆಲವು ದಿನ ಬಿಟ್ಟು ಮೇಲಿನ ನದಿಗೆ ಹೋಗಬೇಕು. ಇದನ್ನು ನೋಡದೆ ಬಂದವರು ಖಾಲಿ ನೀರಿನಲ್ಲಿ ನಿಂತು ಹೋಗುತ್ತಾರೆ.

ಭಾವ ಈ ಲೆಕ್ಕದಲ್ಲಿ 25ರ ಹತ್ತಿರವೇ ನಿಂತುಬಿಟ್ಟಿದ್ದರು. ಅಲಾಸ್ಕಾಕ್ಕೆ ಮನೆ ಬದಲಾಯಿಸಲು ಏನೇನು ಬೇಕು ಅಂತ ವಿಚಾರಿಸಿದರು. ಒಂದು ವರ್ಷ ಇಲ್ಲೇ ವಾಸವಿದ್ದ ಮೇಲಷ್ಟೇ ಅಂತ ಗೊತ್ತಾಗಿ, ಅಕ್ಕನ ಮುಖ ನೆನಪಾಗಿರಬೇಕು, ಸುಮ್ಮನಾದರು.

ಗಾಳಿ ಇಳಿದ ಮೇಲೆ ತಲೆ ಸಾರು. ಟೆಂಟಿನಿಂದ ದೂರ, ನೀರಿನ ಅಂಚಿನಲ್ಲಿ ಸ್ಟವ್ ಇಟ್ಟೆವು. ಅಡುಗೆ ಮಾಡುವಾಗ ತೊಟ್ಟ ಬಟ್ಟೆಯನ್ನು ಟೆಂಟಿನೊಳಗೆ ಒಯ್ಯದೆ ಕಾರಿನಲ್ಲಿ ಬಿಡಬೇಕು. ಮೂಗಿನ ವಿಷಯದಲ್ಲಿ ಕರಡಿಗೆ ಸಾಟಿಯಿಲ್ಲ. ಭಾವ ಮನೆಯಿಂದ ತಂದ ಬ್ಯಾಡಗಿ ಮೆಣಸು, ಕೊತ್ತಂಬರಿಯ ಪುಡಿ, ಹುಣಸೆಹುಳಿ, ಆಂಕರೇಜ್‌ನಲ್ಲಿ ಕೊಂಡ ಡಬ್ಬಿ ತೆಂಗಿನಹಾಲು. ತಲೆಯ ಕೆನ್ನೆ ಮಾಂಸ ಬಾಯಲ್ಲಿಟ್ಟರೆ ಕರಗಿತು. ಆಕೆಗೂ ಒಂದು ಬಟ್ಟಲು ಕೊಟ್ಟೆವು. ಕಣ್ಣಲ್ಲಿ ನೀರು ಸುರಿಸುತ್ತಾ ಪೂರ್ತಿ ಕುಡಿದರು. ರವೆ ಹಚ್ಚಿ ಹುರಿದದ್ದು ಮಾತ್ರ ನನಗೆ ಅಷ್ಟಕ್ಕಷ್ಟೆ. ಸಾಕೈಯಲ್ಲಿ ಕೊಬ್ಬು ಜಾಸ್ತಿ, ಉಪ್ಪು ಕಾಳುಮೆಣಸು ಸವರಿ ಕೆಂಡದ ಮೇಲಿಟ್ಟರೆ ಸಾಕು. ಭಾವ ಒಪ್ಪಲಿಲ್ಲ. ಬಂಗುಡೆಗೆ ಬಂದ ಪದ್ಧತಿ ಎಲ್ಲ ಮೀನಿಗೂ ಬರುತ್ತದೆ ಅನ್ನುವುದು ಅವರ ಸಿದ್ಧಾಂತ.

ಶನಿವಾರ

ಸ್ನಾನ ಮಾಡದೆ ಬಹಳ ಹೊತ್ತಾಗಿತ್ತು. ಸೊಲ್ಡಾಟ್ನಾಕ್ಕೆ ಹೋದೆವು. ಬಟ್ಟೆ ಒಗೆಯುವ ಅಂಗಡಿಯಲ್ಲೇ ದುಡ್ಡು ಕೊಟ್ಟರೆ ಬಿಸಿನೀರಿನ ಸ್ನಾನ. ಊರಿನ ಸೆಂಟೆನಿಯಲ್ ಪಾರ್ಕ್ ಕ್ಯಾಂಪ್‌ಗ್ರೌಂಡ್ ದಾರಿಯಲ್ಲೇ ಸಿಕ್ಕಿತು. ಟೆಂಟಿನ ಹಗ್ಗಕ್ಕೆ ಟೆಂಟಿನ ಹಗ್ಗ ತಾಗುತ್ತಿತ್ತು. ದಂಡೆ ಸವೆಯದಿರಲೆಂದು ಅಲ್ಲಿ ಕಬ್ಬಿಣದ ಜಾಲರಿಯ ನಡೆದಾರಿ ಹಾಕಿ, ಮೆಟ್ಟಿಲಿನಿಂದ ನೀರಿಗೆ ಇಳಿಯುವ ಹಾಗೆ ಮಾಡಿದ್ದಾರೆ. ಮೆಟ್ಟಿಲ ಮೇಲೂ ಸರದಿ.

ಸಂದರ್ಶಕರ ಕೇಂದ್ರದಲ್ಲಿ ಒಂದು ಕಿಂಗ್ ಸಾಲ್ಮನ್ ಇಟ್ಟಿದ್ದಾರೆ. 1985ರಲ್ಲಿ ಲೆಸ್ ಆಂಡರ್ಸನ್ ಎಂಬವರು ಇದೇ ನದಿಯಲ್ಲಿ ಗಾಳಕ್ಕೆ ಹಿಡಿದದ್ದು. 97 ಪೌಂಡ್ 4 ಔನ್ಸ್, ಅಂದರೆ 44 ಕಿಲೋ. ಗಾಳದಲ್ಲಿ ಹಿಡಿದ ಕಿಂಗ್‌ಗಳಲ್ಲಿ ಅದೇ ವಿಶ್ವದಾಖಲೆ. ಈಗ ಈ ನದಿಯಲ್ಲಿ ಕಿಂಗ್ ಎಷ್ಟು ಕಡಿಮೆಯಾಗಿದೆ ಅಂದರೆ ಈಚೆಗಿನ ವರ್ಷಗಳಲ್ಲಿ ಹಿಡಿಯುವುದನ್ನೇ ನಿಲ್ಲಿಸಿದ್ದುಂಟು. ಭಾವ ಆ ಮೀನಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಎಷ್ಟು ತುಂಡಾಗುತ್ತೆ ಅಂತ ಲೆಕ್ಕ ಹಾಕುತ್ತಿದ್ದರು ಅಂತ ನನ್ನ ಗುಮಾನಿ.

ಮೀನನ್ನು ಗಾಳಿ ತೆಗೆದು ಪ್ಯಾಕ್ ಮಾಡಿ ಹೆಪ್ಪುಗಟ್ಟಿಸಿ ಕೊಡುವ ಅಂಗಡಿಗಳು ಇಲ್ಲಿವೆ. ಹಿಂದಿನ ದಿನ ಕೊಟ್ಟರೆ ಮರುದಿನ ಕಲ್ಲಿನಂತೆ ಗಟ್ಟಿಯಾಗಿ ಸಿಗುತ್ತದೆ. ತಲೆಗಳನ್ನು ಪ್ಯಾಕ್ ಮಾಡಿ ಅಂದಾಗ ಕೌಂಟರಿನ ಹುಡುಗಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಭಾನುವಾರ

ಟೆಂಟ್ ಬಿಚ್ಚುವಾಗ ಹಸಿರು ಕಾರೊಂದು ನಿಧಾನಕ್ಕೆ ಬಂದು ಎದುರೇ ನಿಂತಿತು. ಒಳಗಿದ್ದ ಹುಡುಗ ಹುಡುಗಿ ನಮ್ಮನ್ನೇ ನೋಡುತ್ತಿದ್ದರು. ಭಾವ ಕೈಬೀಸಿ ಕರೆದು ಟಾರ್ಪಾಲಿನ ತುದಿ ಕೈಗೆ ಕೊಟ್ಟರು. ಸೌದೆ ಇನ್ನೂ ಸ್ವಲ್ಪ ಉಳಿದಿತ್ತು.

ಪ್ಯಾಕೆಟ್‌ಗಳನ್ನು ತೆಗೆದುಕೊಳ್ಳಲು ಸೊಲ್ಡಾಟ್ನಾಕ್ಕೆ ಹೋಗಿ ತಿರುಗಿ ಬಂದೆವು. ಕೂಪರ್ ಲ್ಯಾಂಡಿಂಗ್ ಹತ್ತಿರ ಹೊಸ ಬಳಸು ರಸ್ತೆಯ ಕೆಲಸ ನಡೆಯುತ್ತಿತ್ತು, ವಾಹನಗಳನ್ನು ತಡೆದು ತಡೆದು ಬಿಡುತ್ತಿದ್ದರು. ವಿಮಾನ ಹಿಡಿಯುವವರು ಭಾನುವಾರ ಸಂಜೆ ಈ ರಸ್ತೆಗೆ ಕನಿಷ್ಠ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಆಂಕರೇಜ್ ವಿಮಾನ ನಿಲ್ದಾಣದ ತೂಕದ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಮೇಣ ಸವರಿದ ರಟ್ಟಿನ ಮೀನು ಪೆಟ್ಟಿಗೆ. ಮಿತಿ 50 ಪೌಂಡ್. ನಮ್ಮದು ಸ್ವಲ್ಪ ದಾಟಿತ್ತು. ಭಾವ ಅಲ್ಲೇ ಕೂತು ಟೇಪ್ ಬಿಚ್ಚಿ, ಎರಡು ತಲೆಯ ಪ್ಯಾಕೆಟ್ ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಗಟ್ಟಿ ಹೆಪ್ಪುಗಟ್ಟಿದ್ದರೆ ಒಳಗೆ ಒಯ್ಯಲು ಅಡ್ಡಿಯಿಲ್ಲ. ಸೆಕ್ಯುರಿಟಿಯವನು ಪರದೆಯನ್ನು ನೋಡಿ, ಭಾವನನ್ನು ನೋಡಿ, ಮತ್ತೆ ಪರದೆಯನ್ನು ನೋಡಿದ.

ಸಿಯಾಟಲ್‌ನಲ್ಲಿ ಪೆಟ್ಟಿಗೆ ಇಳಿಸಿದ ಕೂಡಲೇ ಅಕ್ಕ ಕೇಳಿದ್ದು, “ಇದನ್ನೆಲ್ಲ ಇಡೋಕೆ ಫ್ರೀಜರ್‌ನಲ್ಲಿ ಜಾಗ ಎಲ್ಲಿದೆ?” ಭಾವ ನನ್ನ ಕಡೆ ತಿರುಗಿದರು. ಅರ್ಧ ಪೆಟ್ಟಿಗೆ ನಮ್ಮ ಮನೆಗೆ ಬಂತು.